ಚಿಟ್ಟುಕೋಳಿಯನ್ನು ಕರೆಯುವ ಎಲೆ

ಕಾಡಿನ ಸಂಶೋಧನಾ ಕೇಂದ್ರ, ಉತ್ತರ ಹೊಕ್ಕೈಡೋ
12 ಸೆಪ್ಟೆಂಬರ್ 2025, ಶುಕ್ರವಾರ

ಅಪ್ಪ,

ಫೋನಲ್ಲಿ ನಾನು ಹೇಗಿದ್ದೀರಿ ಅಂದ್ರೆ ನೀವು ಉಪ್ಪಿಟ್ಟು ಅಂತೀರಿ. ವಿಡಿಯೋ ಕಾಲ್ ಮಾಡಿದ್ರೆ ನಿಮ್ಮ ಹಣೆ ಮಾತ್ರ ಕಾಣುತ್ತೆ. ಮೆಸೇಜ್ ಹಾಕೋಣ ಅಂದ್ರೆ ಕನ್ನಡಕ ಸಿಗಲಿಲ್ಲ ಅಂತೀರಿ. ಅದಕ್ಕೇ ನಿಧಿ ಅತ್ತಿಗೆ ಹೇಳಿದ ಹಾಗೆ ಇನ್ನು ಮೇಲೆ ಕಾಗದವೇ ಗತಿ. ಇಲ್ಲಿ ಹೇಗೂ ಸಿಗ್ನಲ್ ಇಲ್ಲ. ನಾಳೆ ಸಾಮಾನು ತರೋಕೆ ಊರಿಗೆ ಇಳಿದಾಗ ಕೊಂಬಿನಿ ಅಂಗಡಿ ಪಕ್ಕದ ಅಂಚೆ ಡಬ್ಬಿಗೆ ಹಾಕ್ತೀನಿ. ನೀವಿರೋ ಸಗಮಿಹಾರಾಕ್ಕೆ, ಅಜಿತಣ್ಣನ ಮನೆಗೆ, ಮೂರು ದಿನ ಸಾಕಂತೆ.

ನಾನು ಎಣಿಸ್ತಾ ಇರೋ ಹಕ್ಕಿಗೆ ಇಲ್ಲಿ ಎಜೋ ರಾಯ್ಚೋ ಅಂತಾರೆ. ನೀವು ನೋಡಿದ್ರೆ ಇದು ನಮ್ಮ ಚಿಟ್ಟುಕೋಳಿಯ ಚಿಕ್ಕಪ್ಪನ ಮಗ ಅಂತೀರಿ. ಅಷ್ಟೇ ಗಾತ್ರ, ಅಷ್ಟೇ ಕಳ್ಳಬುದ್ಧಿ. ಮರದ ಮೇಲೆ ಕೂತ್ರೆ ಎದುರಿಗಿದ್ರೂ ಕಾಣಲ್ಲ. ಅದಕ್ಕೇ ಕೂಗಿ ಎಣಿಸೋದು. ನೂರೈವತ್ತು ಮೀಟರಿಗೊಂದು ಕಡೆ ನಿಂತು ಗಂಡಿನ ಹಾಗೆ ಸಿಳ್ಳು ಹಾಕಬೇಕು. ನನ್ನ ಜಾಗಕ್ಕೆ ಯಾರು ಬಂದರು ಅಂತ ಅಲ್ಲಿರೋ ಗಂಡು ಸಿಟ್ಟಲ್ಲಿ ಉತ್ತರ ಕೊಡುತ್ತೆ, ಇಲ್ಲ ಅಂದ್ರೆ ನಡ್ಕೊಂಡೇ ಬಂದುಬಿಡುತ್ತೆ.

ನನಗೆ ದಾರಿ ತೋರಿಸೋರು ಮೊರಿಯಾ ಸಾನ್. ಎಪ್ಪತ್ತಾರು ವರ್ಷ. ಐವತ್ತು ವರ್ಷದಿಂದ ಈ ಹಕ್ಕಿಯ ಬೇಟೆಗಾರರು. ತಕ್ಷಣ ಎದ್ದು ನಿಲ್ಲಬೇಡಿ, ಇಲ್ಲಿ ಅದಕ್ಕೆ ಲೈಸೆನ್ಸ್ ಇದೆ. ಅಕ್ಟೋಬರ್ ಒಂದಕ್ಕೆ ಬೇಟೆ ತೆರೆಯುತ್ತೆ. ಹೊಡೆದ ಹಕ್ಕಿಯ ಒಂದು ರೆಕ್ಕೆ ಅವರು ನಮಗೆ ಕೊಡ್ತಾರೆ, ಅದನ್ನ ನೋಡಿ ಮರಿ ಎಷ್ಟು, ಹಳೇದೆಷ್ಟು ಅಂತ ಲೆಕ್ಕ ಹಾಕ್ತೀವಿ. ಪಾಪ, ಅವರಿಗೆ ಈ ವರ್ಷ ಹೊಸ ಹಲ್ಲುಸೆಟ್ಟು ಹಾಕಿದಾರೆ. ಹಕ್ಕಿ ಕರೆಯೋ ಪೀಪಿ ಊದಿದ್ರೆ ಪಕ್ಕದಿಂದ ಗಾಳಿ ಸೋರುತ್ತೆ. ಹಾಗಾಗಿ ದಾರಿ ಅವರದು, ಸಿಳ್ಳು ನನ್ನದು.

ಪೀಪಿ ನನಗೂ ಬರಲಿಲ್ಲ. ಎಲೆ ತಗೊಂಡೆ. ಇಲ್ಲಿ ಆಳೆತ್ತರ ಬೆಳೆಯೋ ಸಣ್ಣ ಬಿದಿರಿದೆ, ಅದರ ಎಲೆ ಸೀಳಿ ತುಟಿ ಮಧ್ಯೆ ಇಟ್ಟು ಊದಿದೆ. ಎರಡನೇ ಸಲಕ್ಕೆ ಹಕ್ಕಿ ಬಂತು. ಮೊರಿಯಾ ಸಾನ್ ಬಾಯಿ ಬಿಟ್ಕೊಂಡು ನೋಡಿದ್ರು. ಯಾರು ಕಲಿಸಿದ್ದು ಅಂದ್ರು. ಜಡೇ ಮಾವ ಅಂದೆ.

ನಿಮಗೆ ನೆನಪಿದೆಯಲ್ಲ, ನಮ್ಮ ಕ್ಯಾಂಪಿನ ವಾಚರ್ ಜಡೆಯ? "ಕಿವೀಲಿ ಕೇಳಬ್ಯಾಡ ಪಾಪು, ತುಟೀಲಿ ಕೇಳು" ಅಂತಿದ್ರು. ಎಲೆ ನಡುಗೋದು ತುಟಿಗೆ ಗೊತ್ತಾದ್ರೆ ಸಾಕು, ಸ್ವರ ತಾನಾಗೇ ಸರಿಹೋಗುತ್ತೆ ಅಂತ. ನನಗೊಂದು ಮಾತೂ ಹೇಳದೆ ಕಾಫಿ ಎಸ್ಟೇಟಿಗೆ ಹೋಗ್ಬಿಟ್ರು ಅಂತ ಎಂಟು ವರ್ಷದವಳು ಎಷ್ಟು ಅತ್ತಿದ್ದೆ. ಎಲ್ಲಿದಾರೆ ಈಗ? ಗೊತ್ತಿದ್ರೆ ಬರೀರಿ.

ಶರಣ್ಯಾ

*

ಸಗಮಿಹಾರಾ
17 ಸೆಪ್ಟೆಂಬರ್ 2025

ಶರಣ್ಯಾಳಿಗೆ,

ನಿನ್ನ ಪತ್ರ ನಿನ್ನೆ ಹನ್ನೊಂದೂಕಾಲಿಗೆ ತಲುಪಿತು. ಲಕೋಟೆ ಸರಿಯಾಗಿ ಅಂಟಿಸಿರಲಿಲ್ಲ.

ಮೂವತ್ತೊಂದು ವರ್ಷ ಕಾಡಲ್ಲಿ ಕಳ್ಳಬೇಟೆಯವರನ್ನ ಅಟ್ಟಿಸಿಕೊಂಡು ಓಡಿದವನ ಮಗಳು, ಬಂದೂಕಿನವನ ಮುಂದೆ ಸಿಳ್ಳೆ ಹಾಕ್ಕೊಂಡು ಹೋಗ್ತಾಳೆ ಅಂದ್ರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ. ಲೈಸೆನ್ಸ್ ಇದೆ ಅಂತೀಯ. ಇರಲಿ. ಆದರೆ ಒಂದು ಮಾತು ಕಿವಿಗೆ ಹಾಕಿಕೋ. ಕರೆಯುವವಳು ಯಾವತ್ತೂ ಬಂದೂಕಿನ ಹಿಂದೆ ಇರಬೇಕು. ಪಕ್ಕದಲ್ಲೂ ಅಲ್ಲ, ಹಿಂದೆ. ಎಲೆ ಉದುರುವ ಮುಂಚೆ ಕಾಡಲ್ಲಿ ಇಪ್ಪತ್ತು ಹೆಜ್ಜೆ ಆಚೆ ಆನೆ ನಿಂತಿದ್ದರೂ ಕಾಣುವುದಿಲ್ಲ. ಅಲ್ಲಿ ಎಲೆ ಯಾವಾಗ ಉದುರುತ್ತದೆ? ಗಾಳಿ ಯಾವ ಕಡೆಯಿಂದ? ಮಂಜು ಎಷ್ಟು ಹೊತ್ತಿಗೆ ಏಳುತ್ತದೆ? ಇದನ್ನೆಲ್ಲ ಬರಿ. ಕಿತ್ತಳೆ ಬಣ್ಣದ ಅಂಗಿ ಹಾಕಿಕೋ. ಕರಡಿಗೆ ಗಂಟೆ ಕಟ್ಟಿಕೊಳ್ಳುತ್ತಾರೆ ಅಂತ ಅಜಿತ್ ಹೇಳಿದ. ಕಟ್ಟಿಕೋ.

ಹೊಡೆದ ಹಕ್ಕಿಯನ್ನ ಅವರು ತಿನ್ನುತ್ತಾರಲ್ಲ, ನಿನಗೂ ಬಡಿಸುತ್ತಾರಾ? ಬಡಿಸಿದರೆ ಅನ್ನ ಮಾತ್ರ ಉಂಡೆ ಅಂತ ಬರಿ, ಸುಳ್ಳಾದರೂ ಪರವಾಗಿಲ್ಲ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಮೊಮ್ಮಗಳು ಜಾಹ್ನವಿ ನನ್ನ ಹತ್ತಿರ ಜಪಾನಿಯಲ್ಲಿ ಮಾತಾಡುತ್ತಾಳೆ, ನಿಧಿ ಇಂಗ್ಲಿಷಿನಲ್ಲಿ ಬೈಯುತ್ತಾಳೆ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ. ಮೂರರಲ್ಲಿ ಯಾವುದೂ ನನಗೆ ಕೇಳುವುದಿಲ್ಲವಾದ್ದರಿಂದ ಯಾರಿಗೂ ಪಕ್ಷಪಾತ ಇಲ್ಲ. ಒಂಬತ್ತು ವರ್ಷದ ಹುಡುಗಿ, ನಾನು ಬರೆದರೆ ಪಕ್ಕ ಕೂತು ನೋಡುತ್ತಾಳೆ. ಅಕ್ಷರ ದುಂಡಗಿದೆ ಅಂತ ಹೇಳಿದಳಂತೆ.

ನಂಜುಂಡಸ್ವಾಮಿ
ವಲಯ ಅರಣ್ಯಾಧಿಕಾರಿ (ನಿವೃತ್ತ)

*

ಉತ್ತರ ಹೊಕ್ಕೈಡೋ
5 ಅಕ್ಟೋಬರ್ 2025, ಭಾನುವಾರ

ಅಪ್ಪ,

ಜಡೇ ಮಾವನ ಬಗ್ಗೆ ಕೇಳಿದ್ದಕ್ಕೆ ಉತ್ತರವೇ ಇಲ್ಲ. ಸರಿ, ವಲಯ ಅರಣ್ಯಾಧಿಕಾರಿಗಳಿಗೆ ವರದಿ ಒಪ್ಪಿಸ್ತೀನಿ.

ಎಲೆ ಇನ್ನೂ ಉದುರಿಲ್ಲ. ಮೇಪಲ್ ಕೆಂಪಾಗಿದೆ, ಬರ್ಚ್ ಹಳದಿ, ಕೆಳಗೆ ಬಿದಿರು ಮಾತ್ರ ಹಸಿರು. ನೋಡೋಕೆ ಚೆಂದ, ಬೇಟೆಗೆ ಕಷ್ಟ. ಹಕ್ಕಿ ಹತ್ತಿರವೇ ಬಂದು ಉತ್ತರ ಕೊಡುತ್ತೆ, ಕಾಣಲ್ಲ. ಕಾಡುದ್ರಾಕ್ಷಿ ಹಣ್ಣಾಗಿರೋದ್ರಿಂದ ಬೆಳಿಗ್ಗೆ ಬಳ್ಳಿಯಲ್ಲೇ ಇರುತ್ತವೆ. ಗಾಳಿ ಬೀಸಿದ ದಿನ ಬಾಯೇ ಬಿಡಲ್ಲ. ಇಬ್ಬನಿ ಗಟ್ಟಿಯಾಗಿ ಬಿದ್ದು ಗಾಳಿ ನಿಂತ ಬೆಳಿಗ್ಗೆ ಒಂದೇ ಸಿಳ್ಳಿಗೆ ಮೂರು ಕಡೆಯಿಂದ ಉತ್ತರ. ಅಕ್ಟೋಬರ್ ಕೊನೆಗೆ ಎಲೆ ಬಿದ್ದ ಮೇಲೇ ನಿಜವಾದ ಬೇಟೆ, ಈಗ ಹೋಗೋರು ತಾಳ್ಮೆ ಇಲ್ಲದವರು ಅಂತ ಮೊರಿಯಾ ಸಾನ್ ಅಂತಾರೆ. ಆದ್ರೂ ಒಂದನೇ ತಾರೀಖೇ ಬಂದೂಕು ಒರೆಸಿಕೊಂಡು ಬಾಗಿಲಲ್ಲಿ ನಿಂತಿದ್ರು. ಗಂಟೆ ಕಟ್ಟೋ ಹಾಗಿಲ್ಲ ಅಪ್ಪ, ಗಂಟೆ ಕೇಳಿದ್ರೆ ಹಕ್ಕಿ ಬರಲ್ಲ.

ನಿನ್ನೆ ಮಂಜಿತ್ತು. ಹೊಳೆ ಹತ್ತಿರ ಒಂದು ಗುಂಡು ಹಾರಿತು, ಹಕ್ಕಿ ಸಿಗಲಿಲ್ಲ. ಚರೆ ಬರ್ಚ್ ಮರಕ್ಕೆ ತಗುಲಿ ತೊಗಟೆ ಚೂರುಚೂರಾಗಿ ನನ್ನ ನೋಟ್‌ಬುಕ್ ಮೇಲೆ ಬಿತ್ತು. ಕಾಗದದ ಹಾಗೆ ತೆಳ್ಳಗಿರುತ್ತೆ, ಒಂದು ತುಂಡು ಇದರ ಜೊತೆ ಇಟ್ಟಿದ್ದೀನಿ, ಜಾಹ್ನವಿಗೆ ಕೊಡಿ. ಈ ವಾರ ನಾನು ಕೇಂದ್ರದಲ್ಲೇ ಕೂತು ಲೆಕ್ಕ ಬರೀತೀನಿ, ಸ್ವಲ್ಪ ನೆಗಡಿ.

ಮೊರಿಯಾ ಸಾನ್ ಮನೆಯಲ್ಲಿ ಹಕ್ಕಿ ಸಾರು ಬಡಿಸಿದ್ರು. ಅನ್ನ ಮಾತ್ರ ಉಂಡೆ. ನೀವು ಹೇಳಿಕೊಟ್ಟ ಹಾಗೇ ಬರೆದಿದ್ದೀನಿ.

ಶರಣ್ಯಾ

*

ಸಗಮಿಹಾರಾ
9 ಅಕ್ಟೋಬರ್ 2025

ಶರಣ್ಯಾ,

ತೊಗಟೆಯನ್ನ ಜಾಹ್ನವಿಗೆ ಕೊಟ್ಟಿಲ್ಲ. ನನ್ನ ಮೇಜಿನ ಮೇಲಿದೆ. ಅದರ ಅಂಚಿನಲ್ಲಿ ಅರ್ಧ ತೂತಿದೆ, ಸುತ್ತ ಸೀಸದ ಕಪ್ಪು.

ನಾನು ಎಷ್ಟು ಮಹಜರು ಬರೆದಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ಬಂದೂಕಿನ ಹಿಂದೆ ನಿಂತವಳ ನೋಟ್‌ಬುಕ್ ಮೇಲೆ ತೊಗಟೆ ಬೀಳುವುದಿಲ್ಲ. ಮುಂದೆ ಇದ್ದವಳ ಮೇಲೆ, ಅದೂ ಮರದ ಬುಡದಲ್ಲಿ ಕೂತವಳ ಮೇಲೆ ಬೀಳುತ್ತದೆ. ಹಕ್ಕಿ ಹಾರಿತು ಅಂತ ನೀನು ಬರೆದಿಲ್ಲ, ಸಿಗಲಿಲ್ಲ ಅಂತ ಬರೆದಿದ್ದೀಯ. ಹಕ್ಕಿ ಇರಲೇ ಇಲ್ಲ. ಆ ಮುದುಕ ಹೊಡೆದದ್ದು ನಿನ್ನ ಸಿಳ್ಳಿಗೆ.

ಹೌದೋ ಅಲ್ಲವೋ, ಅಷ್ಟು ಬರಿ.

ಈ ಪತ್ರ ಮೂರು ಸಲ ಹರಿದು ಬರೆದಿದ್ದೇನೆ. ನಿನ್ನ ಅಮ್ಮ ಹೋದ ಮೇಲೆ ನನಗೆ ಉಳಿದಿರುವುದು ನೀವಿಬ್ಬರು. ನೀನು ತಕ್ಷಣ ಪೊಲೀಸರಿಗೆ ಬರೆದು ಕೊಡಬೇಕು. ಕಾಣದೆ ಗುಂಡು ಹಾರಿಸಿದವನ ಕೈಯಲ್ಲಿ ಬಂದೂಕು ಇರಕೂಡದು, ಅವನು ಎಪ್ಪತ್ತಾರೇ ಆಗಲಿ ಇಪ್ಪತ್ತಾರೇ ಆಗಲಿ. ನೀನು ಕೊಡದಿದ್ದರೆ ನಾನು ಕೊಡುತ್ತೇನೆ.

ನಂಜುಂಡಸ್ವಾಮಿ

*

ಉತ್ತರ ಹೊಕ್ಕೈಡೋ
14 ಅಕ್ಟೋಬರ್ 2025

ಅಪ್ಪ,

ಹೌದು.

ನಾನು ಎಡಗಡೆಯ ಬೊಡ್ಡೆ ಹತ್ತಿರ ಕೂರ್ತೀನಿ ಅಂತ ಅವರಿಗೆ ಹೇಳಿದ್ದೆ. ಗಾಳಿ ತಿರುಗಿತು. ಸಿಳ್ಳು ದೂರ ಹೋಗ್ತಿಲ್ಲ ಅಂತ, ಅವರಿಗೆ ಹೇಳದೇನೇ ಬಲಗಡೆ ಮುಂದಕ್ಕೆ ಜರುಗಿದೆ. ಬಿದಿರು ನನ್ನ ತಲೆಗಿಂತ ಎತ್ತರ, ಕಿತ್ತಳೆ ಟೋಪಿ ಇದ್ರೂ ಮಂಜಲ್ಲಿ ಏನು ಕಾಣುತ್ತೆ. ಬರ್ಚ್ ಬುಡದಲ್ಲಿ ಕೂತು ಊದಿದೆ. ಆಮೇಲೆ ಮರದ ಮೇಲೆ ಯಾರೋ ಮುಷ್ಟಿ ತುಂಬ ಕಲ್ಲು ಎಸೆದ ಹಾಗಾಯ್ತು. ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ. ಎದ್ದು, ಸುತ್ತು ಹಾಕಿ, ಅವರ ಹಿಂದಿನಿಂದ ಬಂದೆ. ಹಕ್ಕಿ ತಪ್ಪಿಸಿಕೊಂಡ್ತಲ್ಲ ಅಂತ ಅವರು ಬೇಜಾರು ಮಾಡ್ಕೊಂಡ್ರು. ಹೌದು ತಪ್ಪಿಸಿಕೊಂಡ್ತು ಅಂದೆ.

ಅವರಿಗೆ ಗೊತ್ತಿಲ್ಲ ಅಪ್ಪ. ನಾನು ಹೇಳಿಲ್ಲ, ಹೇಳೋದೂ ಇಲ್ಲ. ನೆಗಡಿ ಸುಳ್ಳು. ಎಲೆ ತುಟಿಗೆ ಇಟ್ಟರೆ ಉಸಿರು ಬರ್ತಿಲ್ಲ, ಅದಕ್ಕೇ ಕೇಂದ್ರದಲ್ಲಿ ಕೂತಿದ್ದೀನಿ. ಅವರು ದಿನಾ ಬಂದು ಬಾಗಿಲಲ್ಲಿ ಕಾಡುದ್ರಾಕ್ಷಿ ಇಟ್ಟು ಹೋಗ್ತಾರೆ, ನೆಗಡಿಗೆ ಒಳ್ಳೇದು ಅಂತ.

ಈ ಮನುಷ್ಯನಿಗೆ ವರ್ಷದಲ್ಲಿ ಇರೋದು ಬೇಟೆಯ ಈ ನಾಲ್ಕು ತಿಂಗಳು. ಹೆಂಡತಿ ಇಲ್ಲ, ನಾಯಿ ಹೋದ ವರ್ಷ ಸತ್ತುಹೋಯ್ತು. ಹೊಳೆಯ ಪ್ರತಿ ತಿರುವಿಗೂ ಅವರೇ ಇಟ್ಟ ಹೆಸರಿದೆ. ಬಂದೂಕು ಕಿತ್ಕೊಂಡ್ರೆ ಅವರು ಬೆಳಿಗ್ಗೆ ಏಳೋದು ಯಾಕೆ? ತಪ್ಪು ನನ್ನದೂ ಇದೆ. ಇದನ್ನ ಪೊಲೀಸರ ಕಾಗದದಲ್ಲಿ ಯಾವ ಕಾಲಮ್ಮಿಗೆ ಬರೀತೀರಿ?

ನಿಮಗೆ ಕಾನೂನು ಅಂದ್ರೆ ಕಾನೂನು. ಜಡೇ ಮಾವ ನನಗೆ ಚಿಟ್ಟುಕೋಳಿ ಕರೆಯೋದು ಕಲಿಸಿದ್ದು ನೋಡೋಕಲ್ಲ, ಉರುಲು ಹಾಕಿ ಹಿಡಿಯೋಕೆ. ನಿಮ್ಮ ಕಾಡಲ್ಲೇ. ಅದು ಗೊತ್ತಾಗಿದ್ದಿದ್ರೆ ನೀವು ಅವರ ಮೇಲೂ ಕೇಸ್ ಹಾಕ್ತಿದ್ರಾ?

ದಯವಿಟ್ಟು ಏನೂ ಮಾಡಬೇಡಿ.

ಶರಣ್ಯಾ

*

ಸಗಮಿಹಾರಾ
19 ಅಕ್ಟೋಬರ್ 2025

ಮಗಳೇ,

ನಿನ್ನ ಪತ್ರ ಬರುವ ಮೊದಲೇ ನಾನು ದೂರು ಬರೆದಿದ್ದೆ. ಒಂದೂವರೆ ಪುಟ, ಕನ್ನಡದಲ್ಲಿ. ಅಜಿತನಿಗೆ ಹೇಳಿದರೆ ಅಪ್ಪ ಸುಮ್ಮನಿರಿ ಅಂತಾನೆ ಅಂತ ಗೊತ್ತಿತ್ತು. ಅದಕ್ಕೇ ಜಾಹ್ನವಿಯನ್ನ ಕೂರಿಸಿಕೊಂಡೆ. ನಾನು ಓದಿ ಹೇಳುವುದು, ಅವಳು ಜಪಾನಿಯಲ್ಲಿ ಬರೆಯುವುದು. ಅವಳು ಮಾತಾಡುವುದಕ್ಕಿಂತ ಹೆಚ್ಚು ಕನ್ನಡ ಅವಳಿಗೆ ಅರ್ಥವಾಗುತ್ತದೆ. ನಾಲಿಗೆ ಹೊರಗೆ ಹಾಕಿಕೊಂಡು, ಶ್ರದ್ಧೆಯಿಂದ ಅರ್ಧ ಪುಟ ಬರೆದಳು. ಆಮೇಲೆ ಪೆನ್ಸಿಲ್ ಇಟ್ಟು, ನನಗೆ ಕೇಳಲಿ ಅಂತ ಕಿವಿಗೇ ಬಾಯಿ ಇಟ್ಟು ಕನ್ನಡದಲ್ಲೇ ಕೇಳಿದಳು. "ತಾತ, ಆ ಇನ್ನೊಂದು ತಾತನ್ನ ನಾನು ಜೈಲಿಗೆ ಹಾಕ್ತಾ ಇದೀನಾ?"

ನಾನು ಕಾಗದ ಕಿತ್ತುಕೊಂಡೆ. ಅವಳು ಹೆದರಿದಳು. ಅದಾದ ಮೂರನೇ ದಿನ ನಿನ್ನ ಪತ್ರ ಬಂತು, ಜಡೆಯನ ಬಗ್ಗೆ ನೀನು ಕೇಳಿದ ಆ ಪ್ರಶ್ನೆಯ ಜೊತೆಗೆ.

ಹಾಕಿದ್ದೆ ಶರಣ್ಯಾ. ಕೇಸ್ ಹಾಕಿದ್ದೆ.

ಜಡೆಯ ಎಸ್ಟೇಟಿಗೆ ಹೋಗಲಿಲ್ಲ. 1999ರಲ್ಲಿ ಮೇಲಿನವರು ತಪಾಸಣೆಗೆ ಬರುವವರಿದ್ದರು. ನಿಮ್ಮ ರೇಂಜಿನಲ್ಲಿ ಈ ವರ್ಷ ಒಂದೂ ಕೇಸ್ ಇಲ್ಲವಲ್ಲ, ನಿದ್ದೆ ಮಾಡುತ್ತಿದ್ದೀರಾ ಅಂತ ನನಗೆ ಬರೆದಿದ್ದರು. ಅದೇ ವಾರ ಒಂದು ಬೆಳಿಗ್ಗೆ ನೀನು ರೊಟ್ಟಿ ತಿನ್ನುತ್ತಾ ಹೇಳಿದೆ, ಜಡೇ ಮಾವ ಎಲೆ ಊದಿದರೆ ಚಿಟ್ಟುಕೋಳಿ ಕಾಲ ಹತ್ತಿರಕ್ಕೇ ಬರುತ್ತದೆ, ಆಮೇಲೆ ಹುಣಸೆಮರದ ಹಿಂದಿನ ಉರುಲಿಗೆ ಬೀಳುತ್ತದೆ ಅಂತ. ಎಷ್ಟು ಹೆಮ್ಮೆಯಿಂದ ಹೇಳಿದೆ. ನಿನಗೂ ಊದುವುದಕ್ಕೆ ಬರುತ್ತದೆ ಅಂತ ತೋರಿಸಿದೆ. ನಾನು ಜಾಣೆ ಅಂದೆ. ಯಾವ ಹುಣಸೆಮರ ಅಂತ ಕೇಳಿದೆ. ನೀನು ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ.

ಉರುಲಲ್ಲಿ ಒಂದು ಹಕ್ಕಿ ಇತ್ತು. ಒಂದೇ. ನಾನು ಅವನನ್ನ ಕರೆದು ಕೇಳಲಿಲ್ಲ. ಕೇಳಿದ್ದರೆ ಹೌದು ಅನ್ನುತ್ತಿದ್ದ, ನಾನು ಬೈದು, ಉರುಲು ಸುಟ್ಟು ಕಳಿಸಬಹುದಿತ್ತು. ಕೇಳಿದರೆ ಅವನ ಮುಖ ನೋಡಬೇಕಾಗುತ್ತದೆ ಅಂತ ಗಾರ್ಡ್ ಬಸವರಾಜನನ್ನ ಕಳಿಸಿ, ಆಫೀಸಿನಲ್ಲಿ ಕೂತು ಸಹಿ ಹಾಕಿದೆ. ನಾಲ್ಕು ತಿಂಗಳು ಒಳಗಿದ್ದ. ವಾಚರ್ ಕೆಲಸ ಹೋಯಿತು. ನಿನ್ನ ಅಮ್ಮ ಅವನ ಹೆಂಡತಿಗೆ ರಾಗಿ ಕಳಿಸುತ್ತಿದ್ದಳು, ಆ ನಾಲ್ಕು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ನಿನಗೆ ಎಸ್ಟೇಟ್ ಅಂತ ಹೇಳಿದ್ದು ನಾನೇ.

ಬಿಟ್ಟ ಮೇಲೆ ತಿಂಗಳಿಗೊಮ್ಮೆ ಆಫೀಸಿಗೆ ಬಂದು ಹೆಬ್ಬೆಟ್ಟು ಒತ್ತಬೇಕಿತ್ತು. ಎರಡು ವರ್ಷ ಬಂದ. ಕೇಸಿನ ಬಗ್ಗೆ ಒಂದು ದಿನವೂ ಕೇಳಲಿಲ್ಲ. ಪ್ರತಿ ಸಲ ಬಾಗಿಲಲ್ಲಿ ನಿಂತು ಒಂದೇ ಮಾತು, "ಪಾಪು ಚೆಂದಾಗವ್ಳಾ ಸ್ವಾಮಿ?" ನಾನು ಫೈಲಿನಿಂದ ತಲೆ ಎತ್ತದೆ ಹೂಂ ಅಂತಿದ್ದೆ.

ಕಾನೂನು ನನ್ನ ಕಡೆ ಇತ್ತು, ಈಗಲೂ ಇದೆ. ಆದರೆ ಮಗುವಿನ ಬಾಯಿಂದ ಬಂದದ್ದನ್ನ ತೆಗೆದುಕೊಂಡು, ಬೆನ್ನ ಹಿಂದೆ ಮಾಡಿದೆ. ಮೊನ್ನೆ ಇನ್ನೊಂದು ಮಗುವಿನ ಕೈಯಲ್ಲಿ ಅದನ್ನೇ ಮಾಡಿಸುತ್ತಿದ್ದೆ. ಇಪ್ಪತ್ತಾರು ವರ್ಷದಲ್ಲಿ ನಾನು ಕಲಿತದ್ದು ಇಷ್ಟೇನಾ ಅಂತ ನಾಚಿಕೆಯಾಗುತ್ತದೆ.

ದೂರು ಹರಿದು ಹಾಕಿದ್ದೇನೆ. ನಾನು ಏನೂ ಮಾಡುವುದಿಲ್ಲ. ಆದರೆ ನೀನು ಮಾಡುತ್ತಿರುವುದೂ ಸರಿಯಲ್ಲ. ನಾನು ಜಡೆಯನ ಮುಖ ನೋಡಲಿಲ್ಲ, ನೀನು ಮೊರಿಯಾ ಅವರ ಮುಖ ನೋಡುತ್ತಿಲ್ಲ. ನಾನು ಶಿಕ್ಷೆ ಕೊಟ್ಟೆ, ನೀನು ಕರುಣೆ ತೋರಿಸುತ್ತಿದ್ದೀಯ. ಅವರಿಗೆ ಹೇಳದೆ ಮಾಡಿದರೆ ಎರಡೂ ಒಂದೇ. ಹೋಗು, ಎದುರು ಕೂತು ಹೇಳು. ಆಮೇಲೆ ಅವರು ಏನು ಮಾಡುತ್ತಾರೋ ಅದು ಅವರದು.

ಅಪ್ಪ

*

ಸಗಮಿಹಾರಾ
30 ಅಕ್ಟೋಬರ್ 2025

ಶರಣ್ಯಾ,

ಹತ್ತು ದಿನ ದಾಟಿತು, ನಿನ್ನ ಪತ್ರವಿಲ್ಲ. ಕೇಂದ್ರದ ನಂಬರಿಗೆ ಅಜಿತ್ ಫೋನ್ ಮಾಡಿದ. ಚೆನ್ನಾಗಿದ್ದಾಳೆ, ಕೆಲಸಕ್ಕೆ ಹೋಗಿದ್ದಾಳೆ ಅಂದರಂತೆ. ಅಷ್ಟು ತಿಳಿಯಿತು, ಸಾಕು.

ಅಲ್ಲಿ ಎಲೆ ಉದುರಿರಬೇಕು ಈಗ.

ಅಪ್ಪ

*

ಸಗಮಿಹಾರಾ
5 ನವೆಂಬರ್ 2025

ಮಗಳೇ,

ಬೈದಾದರೂ ಬರಿ. ಪತ್ರ ಹಾಕುವವನ ಸ್ಕೂಟರ್ ನನಗೆ ಕೇಳುವುದಿಲ್ಲವಲ್ಲ, ಹನ್ನೊಂದು ಗಂಟೆಗೆ ಕಿಟಕಿ ಹತ್ತಿರ ಕೂರುತ್ತೇನೆ. ಜಾಹ್ನವಿಯೂ ರಜಾದಿನ ಕೂರುತ್ತಾಳೆ.

ಅಪ್ಪ

*

ಉತ್ತರ ಹೊಕ್ಕೈಡೋ
9 ನವೆಂಬರ್ 2025

ಅಪ್ಪ,

ನಿಮ್ಮ ಮೇಲೆ ತುಂಬಾ ಸಿಟ್ಟು ಬಂತು. ಇನ್ನೂ ಪೂರ್ತಿ ಹೋಗಿಲ್ಲ, ಹೋಗಿದೆ ಅಂತ ಬರೆದ್ರೆ ಅದೂ ನೆಗಡಿಯಂಥ ಸುಳ್ಳಾಗುತ್ತೆ. ನಿಮಗಿಂತ ಹೆಚ್ಚು ಆ ಎಂಟು ವರ್ಷದವಳ ಮೇಲೆ ಬಂತು. ಉರುಲಿನ ವಿಷಯ ಹೇಳಿದ್ದು, ಕೈ ಹಿಡಿದು ಕರ್ಕೊಂಡು ಹೋಗಿ ತೋರಿಸಿದ್ದು ನನಗೆ ನೆನಪೇ ಇಲ್ಲ. ರೊಟ್ಟಿ ನೆನಪಿದೆ, ನೀವು ಜಾಣೆ ಅಂದಿದ್ದು ನೆನಪಿದೆ. ನೀವು ಅಷ್ಟು ಸುಲಭವಾಗಿ ಜಾಣೆ ಅನ್ನೋರಲ್ಲ, ಅದಕ್ಕೇ ಇಷ್ಟು ವರ್ಷ ಜೋಪಾನ ಮಾಡಿಟ್ಕೊಂಡಿದ್ದೆ. ಅದನ್ನೂ ಕಳ್ಕೊಂಡೆ ಅನಿಸ್ತು. ಮೂರು ವಾರ ಪೆನ್ನು ಮುಟ್ಟೋಕಾಗಲಿಲ್ಲ.

ಗುರುವಾರ ಮೊರಿಯಾ ಸಾನ್ ಮನೆಗೆ ಹೋದೆ. ಮೊದಲ ಹಿಮ ತೆಳ್ಳಗೆ ಬಿದ್ದಿತ್ತು, ಎಲೆ ಎಲ್ಲ ಉದುರಿ ಕಾಡು ಈ ಕಡೆಯಿಂದ ಆ ಕಡೆವರೆಗೂ ಕಾಣ್ತಿತ್ತು. ಅವರು ಖುಷಿಯಾಗಿದ್ರು, ಈಗ ನೋಡು ನಿಜವಾದ ಬೇಟೆ, ನೆಗಡಿ ವಾಸಿಯಾಯ್ತಾ ಅಂದ್ರು. ನಾನು ಕೂತು, ಸುಮಿಮಾಸೆನ್, ಕ್ಷಮಿಸಿ ಅಂತ ಶುರು ಮಾಡಿ, ಎಲ್ಲ ಹೇಳಿದೆ. ನಾನು ಹೇಳದೆ ಜರುಗಿದ್ದನ್ನೂ ಹೇಳಿದೆ. ಟೀ ತಣ್ಣಗಾಯ್ತು. ಕೊನೆಗೆ ಅವರು ಎದ್ದು, ಆ ಮರ ತೋರಿಸು ಅಂದ್ರು.

ಬಂದೂಕಿಲ್ಲದೆ ಹೋದ್ವಿ. ಬರ್ಚ್ ಬುಡದಲ್ಲಿ ನನ್ನನ್ನ ಅವತ್ತಿನ ಹಾಗೇ ಕೂರೋಕೆ ಹೇಳಿದ್ರು. ನನ್ನ ಟೋಪಿ ಮೇಲೆ ಬೆರಳು ಇಟ್ಟು ಅಳೆದ್ರು. ಟೋಪಿಗೂ ಮರಕ್ಕೆ ಬಿದ್ದ ಎಲ್ಲಕ್ಕಿಂತ ಕೆಳಗಿನ ತೂತಿಗೂ ಮಧ್ಯೆ ನಾಲ್ಕು ಬೆರಳು, ಅಷ್ಟೇ. ಒಂದೊಂದು ತೂತಿಗೂ ಬೆರಳ ತುದಿ ಇಟ್ಟು ನೋಡಿದ್ರು. ಆಮೇಲೆ ಹಿಮದಲ್ಲಿ ಮಂಡಿಯೂರಿ ಕೂತ್ಬಿಟ್ರು. ನಾನು ಏಳಿಸೋಕೆ ಹೋದೆ. ಏಳಲಿಲ್ಲ. ಕ್ಷಮೆ ಕೇಳ್ತಾರೆ ಅಂದ್ಕೊಂಡೆ. ಕ್ಷಮೆ ಆಮೇಲೆ ಕೇಳಿದ್ರು, ಮೊದಲು ಕೇಳಿದ್ದು ಬೇರೆ.

"ಐದು ವಾರ ಯಾಕೆ ಹೇಳಲಿಲ್ಲ? ಈ ಐದು ವಾರದಲ್ಲಿ ನಾನು ಹನ್ನೊಂದು ಸಲ ಕಾಡಿಗೆ ಬಂದಿದ್ದೀನಿ. ಅಣಬೆ ಕೀಳೋ ಹೆಂಗಸರು ಇದೇ ಹೊಳೆ ಹತ್ತಿರ ಇದ್ರು."

ಅವರನ್ನ ಕಾಪಾಡ್ತಿದ್ದೀನಿ ಅಂದ್ಕೊಂಡಿದ್ದೆ. ಯಾರ ಮನೆ ಹೆಂಗಸನ್ನೋ ಅವರ ಬಂದೂಕಿನ ಮುಂದೆ ಬಿಟ್ಟಿದ್ದೆ. ಅಲ್ಲೇ ಕೂತು ಅತ್ತೆ. ನೀವು ಬರೆದದ್ದು ಸರಿ ಅಂತ ಅಲ್ಲಿ ಗೊತ್ತಾಯ್ತು, ನಿಮ್ಮ ಮೇಲೆ ಸಿಟ್ಟಿದ್ದಾಗಲೇ ಗೊತ್ತಾಯ್ತು.

ಮಾರನೇ ದಿನ ಬೆಳಿಗ್ಗೆ ಅವರೇ ಬಂದೂಕನ್ನ ಚೀಲಕ್ಕೆ ಹಾಕಿ, ಒಳ್ಳೆ ಕೋಟ್ ತೊಟ್ಟು, ಠಾಣೆಗೆ ಹೊರಟ್ರು. ಜೊತೆಗೆ ಬರ್ತೀಯಾ ಅಂದ್ರು. ಹೋದೆ. ಮನುಷ್ಯರಿದ್ದ ಕಡೆ ಕಾಣದೆ ಹೊಡೆದೆ, ಇನ್ನು ನನ್ನ ಕೈಗೆ ಇದು ಬೇಡ ಅಂತ ತಾವೇ ಬಾಯಿಬಿಟ್ಟು ಹೇಳಿದ್ರು. ಒಳಗೆ ವಿಚಾರಣೆ ನಡೆಯೋವಾಗ ನಾನು ಬೆಂಚಿನ ಮೇಲೆ ಕೂತಿದ್ದೆ. ಬರಿಗೈಯಲ್ಲಿ ಹೊರಗೆ ಬಂದ್ರು. ತುಂಬ ಸಣ್ಣಗೆ ಕಂಡ್ರು. ಕಾರಲ್ಲಿ ಕೂತ ಮೇಲೆ, ಹೊಳೆಯ ಮೂರನೇ ತಿರುವಲ್ಲಿ ನಿನ್ನ ಎಣಿಕೆ ಬಾಕಿ ಇದೆ, ಸೋಮವಾರ ಆರು ಗಂಟೆಗೆ ಬರ್ತೀನಿ, ದಾರಿ ನಿನಗೆ ಗೊತ್ತಿಲ್ಲ ಅಂದ್ರು.

ಜಡೇ ಮಾವ ಬದುಕಿದಾರಾ?

ಶರಣ್ಯಾ

*

ಸಗಮಿಹಾರಾ
14 ನವೆಂಬರ್ 2025

ಕಂದ,

ಬದುಕಿದ್ದಾನೆ. ನಾನು ಬಸವರಾಜನಿಗೆ ಬರೆದಿದ್ದೆ, ಅವನು ಹೋಗಿ ನೋಡಿ ಬಂದು ಅಜಿತನ ಫೋನಿಗೆ ಹೇಳಿದ. ಕಾಡಿನೊಳಗಿನ ಅವರ ಹಳ್ಳಿ, ಅದೇ ಪೋಡಿನಲ್ಲಿ, ಮಗನ ಮನೆಯಲ್ಲಿದ್ದಾನೆ. ಕಣ್ಣು ಮಂಜಾಗಿದೆಯಂತೆ. ನಡೆಯುತ್ತಾನೆ. ಬಸವರಾಜ ಹೊರಡುವಾಗ ಒಂದು ಮಾತು ಕೇಳಿದನಂತೆ. ಏನು ಅಂತ ನಿನಗೆ ಗೊತ್ತು.

ಡಿಸೆಂಬರ್ ಆರಕ್ಕೆ ನನಗೆ ಊರಿಗೆ ವಿಮಾನದ ಟಿಕೆಟ್ ಆಗಿದೆ. ಜೀಪಿಲ್ಲ, ಗಾರ್ಡಿಲ್ಲ, ಪೋಡಿಗೆ ಬಸ್ಸಿನಲ್ಲೇ ಹೋಗುತ್ತೇನೆ. ಈ ಕಿವಿ ಇಟ್ಟುಕೊಂಡು ಒಬ್ಬರೇ ಹೇಗೆ ಹೋಗುತ್ತೀರಿ ಅಂತ ನಿಧಿ ಕೇಳಿದಳು. ಹೇಳುವುದಕ್ಕೆ ಹೋಗುತ್ತಿರುವುದು, ಕೇಳುವುದಕ್ಕಲ್ಲ ಅಂದೆ. ಆಮೇಲೆ ಯೋಚಿಸಿದೆ, ಕೇಳುವುದಕ್ಕೂ ಹೋಗುತ್ತಿದ್ದೇನೆ.

ನೀನು ಅವನಿಗೆ ಒಂದು ಪತ್ರ ಬರೆದು ನನಗೆ ಕಳಿಸು. ಅವನಿಗೆ ಓದುವುದಕ್ಕೆ ಬರುವುದಿಲ್ಲ, ನಾನು ಓದುತ್ತೇನೆ. ನೀನು ಏನು ಬರೆದಿದ್ದರೂ ಒಂದಕ್ಷರ ಬಿಡದೆ ಓದುತ್ತೇನೆ. ಮೊದಲೇ ತೆರೆದು ನೋಡುವುದಿಲ್ಲ.

ನೀನು ಜಾಣೆ. ಇದನ್ನ ಈಗ ಯಾವ ಮರ ಅಂತ ಕೇಳುವುದಕ್ಕೆ ಹೇಳುತ್ತಿಲ್ಲ.

ಅಪ್ಪ

*

ಉತ್ತರ ಹೊಕ್ಕೈಡೋ
22 ನವೆಂಬರ್ 2025

ಜಡೇ ಮಾವ,

ಈ ಕಾಗದ ಓದ್ತಾ ಇರೋರು ನಮ್ಮಪ್ಪ. ಅವರಿಗೆ ಈಗ ಕಿವಿ ಕೇಳಲ್ಲ. ನಡುವೆ ಏನಾದ್ರೂ ಹೇಳಬೇಕು ಅನಿಸಿದ್ರೆ ಮೊಣಕೈ ಮುಟ್ಟಿ ನಿಲ್ಲಿಸಿ, ನಿಲ್ಲಿಸ್ತಾರೆ.

ನಾನು ಶರಣ್ಯಾ. ನಿಮ್ಮ ಪಾಪು. ಹುಣಸೆಮರದ ಹಿಂದಿನ ಉರುಲಿನ ವಿಷಯ ಮನೆಯಲ್ಲಿ ಹೇಳಿದ್ದು ನಾನು. ಕರ್ಕೊಂಡು ಹೋಗಿ ತೋರಿಸಿದ್ದೂ ನಾನು. ನಿಮ್ಮ ಹಾಗೆ ಯಾರಿಗೂ ಬರಲ್ಲ ಅಂತ ಅಪ್ಪನಿಗೆ ಗೊತ್ತಾಗಲಿ ಅಂತ ಹೇಳಿದ್ದು, ಬೇರೆ ಏನೂ ಮನಸ್ಸಲ್ಲಿರಲಿಲ್ಲ. ನೀವು ಜೈಲಿಗೆ ಹೋಗಿದ್ದು ನನಗೆ ಗೊತ್ತಾಗಿದ್ದು ಹೋದ ತಿಂಗಳು. ಅಲ್ಲೀವರೆಗೂ ನೀವೇ ನನ್ನನ್ನ ಬಿಟ್ಟು ಹೋದ್ರಿ ಅಂದ್ಕೊಂಡಿದ್ದೆ. ನೀವು ಆಫೀಸಿನ ಬಾಗಿಲಲ್ಲಿ ನಿಂತು ನನ್ನ ಬಗ್ಗೆ ಕೇಳ್ತಾ ಇದ್ದಾಗ, ನಾನು ಇನ್ನೂರು ಹೆಜ್ಜೆ ಆಚೆ ಶಾಲೆಯಲ್ಲಿದ್ದೆ.

ಅಪ್ಪ ಇಲ್ಲಿ ಓದೋದು ನಿಲ್ಲಿಸಿದ್ರೆ ಸ್ವಲ್ಪ ಹೊತ್ತು ಕೊಡಿ ಮಾವ. ಮತ್ತೆ ಓದ್ತಾರೆ. ಒಂದಕ್ಷರ ಬಿಡಲ್ಲ ಅಂತ ಬರೆದುಕೊಟ್ಟಿದ್ದಾರೆ.

ನೀವು ಎರಡು ವರ್ಷ ಕೇಳಿದ್ದಕ್ಕೆ ಈಗ ಉತ್ತರ ಕೊಡ್ತೀನಿ. ಪಾಪು ಚೆಂದಾಗವ್ಳೆ. ಸಮುದ್ರ ದಾಟಿ, ಹಿಮ ಬೀಳೋ ಕಾಡಲ್ಲಿ, ನೀವು ಕಲಿಸಿದ ಎಲೆ ಊದಿ ಹಕ್ಕಿ ಕರೀತಾಳೆ, ಅದೇ ಅವಳ ಕೆಲಸ. ಇಲ್ಲೊಬ್ಬರು ವಯಸ್ಸಾದೋರು ನನ್ನ ಜೊತೆ ಬರ್ತಾರೆ. ಅವರ ಕೈಯಲ್ಲಿ ಈಗ ಬಂದೂಕಿಲ್ಲ, ನನ್ನ ನೋಟ್‌ಬುಕ್ ಇದೆ. ಹಕ್ಕಿ ಬಂದ್ರೆ ಒಂದು ಗೀಟು ಹಾಕ್ತಾರೆ. ಮೊನ್ನೆ ಒಂದು ಗಂಡು ಅವರ ಬೂಟಿನ ಹತ್ತಿರಕ್ಕೇ ಬಂತು, ಅವರು ಗೀಟು ಹಾಕೋದೇ ಮರೆತ್ರು.

ಒಂದು ಬೇಡಿಕೆ ಇದೆ. ಕಾಗದ ಮುಗಿದ ಮೇಲೆ ಅಪ್ಪ ಏನು ಮಾಡಬೇಕು ಅಂತ ಗೊತ್ತಾಗದೆ ಕೂತಿರ್ತಾರೆ. ಅವರಿಗೊಂದು ಎಲೆ ಸೀಳಿ ಕೊಡಿ. ಊದೋದು ಕಲಿಸಿ. ಕಿವಿ ಬೇಕಾಗಿಲ್ಲ ಅಂತ ನೀವೇ ಹೇಳ್ತಿದ್ರಲ್ಲ, ತುಟಿಗೆ ಗೊತ್ತಾದ್ರೆ ಸಾಕು.

ಶರಣ್ಯಾ